ಶನಿವಾರದ ಬೆಳಗ್ಗೆ ಯಾರದು?

(1)

ಅಮೆರಿಕದಲ್ಲಿ ಶನಿವಾರದ ಬೆಳಗ್ಗೆ ಸತ್ತು ಹತ್ತು ವರ್ಷದ ಮೇಲಾಯಿತು. ಅಲ್ಲಿನ ದೊಡ್ಡ ಟಿ.ವಿ. ಕಂಪನಿಗಳು ಅರವತ್ತರ ದಶಕದಿಂದ ಶನಿವಾರ ಬೆಳಗಿನ ಹೊತ್ತನ್ನು ಮಕ್ಕಳ ಕಾರ್ಟೂನಿಗೆ ಅಂತ ಎತ್ತಿಟ್ಟಿದ್ದವು. ವಾರಕ್ಕೆ ಮೂರು ಗಂಟೆಯಾದರೂ ಮಕ್ಕಳಿಗೆ ಬುದ್ಧಿ ಬೆಳೆಸುವಂಥದ್ದನ್ನು ತೋರಿಸಿ ಎಂದು 1990ರ ಕಾಯ್ದೆಯಡಿ 1996ರಲ್ಲಿ ನಿಯಮ ಬಂತು. ಅದಕ್ಕೂ ಮೊದಲೇ ಬಂದಿದ್ದ ಕೇಬಲ್ಲು, ಆಮೇಲೆ ಬಂದ ಕಂಪ್ಯೂಟರು ಆ ಹೊತ್ತನ್ನು ಕಡೆಗೆ ತಿಂದು ಹಾಕಿದವು. ಸೆಪ್ಟೆಂಬರ್ 2014ರಲ್ಲಿ ಸಿ.ಡಬ್ಲ್ಯು. ಅನ್ನುವ ಜಾಲ ಕೊನೆಯ ಕಾರ್ಟೂನು ಸಾಲನ್ನೂ ಎತ್ತಿಹಾಕಿತು. ನಮ್ಮ ಇಂಗ್ಲಿಷು ಬಲ್ಲ ಗೆಳೆಯರು ಇದರ ಬಗ್ಗೆ ಬಹಳ ಮರುಗುತ್ತಾರೆ. ಆ ಶನಿವಾರಗಳು ಇನ್ನು ಬರೋದಿಲ್ಲ ಅಂತಾರೆ. ನನಗೆ ಮರುಗಲು ಆಗುವುದಿಲ್ಲ. ಆ ಶನಿವಾರ ನನ್ನ ಮನೆಗೆ ಬಂದೇ ಇರಲಿಲ್ಲ. ಬಾರದೇ ಇದ್ದದ್ದು ಹೋಗುವುದಾದರೂ ಹೇಗೆ?

ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ಶನಿವಾರ ಅಂದರೆ ಬೆಳಗಿನ ಶಾಲೆ. ಎಂಟು ಗಂಟೆಗೆಲ್ಲ ಬಯಲಲ್ಲಿ ಸಾಲು ನಿಂತು ಕವಾಯತು ಮಾಡಬೇಕು. ಅವತ್ತು ಬಿಳಿ ಅಂಗಿ. ಬಿಳಿ ಅಂಗಿ ಇಲ್ಲದವರು ಸಾಲಿನ ಕೊನೆಗೆ. ನಾನು ಎಷ್ಟು ಸಲ ಸಾಲಿನ ಕೊನೆಯಲ್ಲಿ ನಿಂತಿದ್ದೆನೆಂದರೆ, ಮುಂದೆ ಏನು ನಡೆಯುತ್ತದೆ ಅಂತ ಇವತ್ತಿಗೂ ನನಗೆ ಸರಿಯಾಗಿ ಗೊತ್ತಿಲ್ಲ.

ನಾವಿದ್ದದ್ದು ಕಾಮಾಕ್ಷಿಪಾಳ್ಯದ ಒಂದು ವಠಾರದಲ್ಲಿ. ಹನ್ನೆರಡು ಮನೆಗೆ ಎರಡು ಕಕ್ಕಸು. ಅಪ್ಪ ಗಾರೆ ಕೆಲಸಕ್ಕೆ ಹೋಗುತ್ತಿದ್ದ. ಅವ್ವ ಬಸವೇಶ್ವರನಗರದಲ್ಲಿ ನಾಲ್ಕು ಮನೆಯ ಪಾತ್ರೆ, ಕಸ, ಬಟ್ಟೆ ಮಾಡುತ್ತಿದ್ದಳು. ಹನ್ನೊಂದೂವರೆಗೆ ಶಾಲೆ ಬಿಟ್ಟರೆ ನಾನು ಸೀದಾ ಅವ್ವ ಇರುವ ಮನೆಗೆ ಹೋಗುತ್ತಿದ್ದೆ. ಆ ಮನೆಯ ಹುಡುಗ ನನ್ನ ವಯಸ್ಸಿನವನೇ. ಅವನ ಶಾಲೆಗೆ ಶನಿವಾರ ರಜ. ಬೆಳಗಿನಿಂದ ಸೋಫಾದ ಮೇಲೆ ಕಾಲು ಚಾಚಿ ಕಾರ್ಟೂನು ನೋಡುತ್ತಿದ್ದ. ನಾನು ಹಿಂಬಾಗಿಲ ಹೊಸ್ತಿಲಾಚೆ ಕೂತು ನೋಡುತ್ತಿದ್ದೆ. ಅಲ್ಲಿಂದ ಟಿ.ವಿ.ಯ ಅರ್ಧವಷ್ಟೇ ಕಾಣುತ್ತಿತ್ತು. ಉಳಿದರ್ಧಕ್ಕೆ ಷೋಕೇಸು ಅಡ್ಡ. ಓಡಿಸಿಕೊಂಡು ಬರುವ ಬೆಕ್ಕು ಕಾಣುತ್ತಿತ್ತು, ಇಲಿ ಕಾಣುತ್ತಿರಲಿಲ್ಲ. ಹುಡುಗ ನಕ್ಕಾಗ ಇಲಿ ತಪ್ಪಿಸಿಕೊಂಡಿತು ಅಂತ ತಿಳಿದುಕೊಂಡು ನಾನೂ ನಗುತ್ತಿದ್ದೆ.

ಆ ಮನೆಯ ಅಮ್ಮೋರು ಕೆಟ್ಟವರಲ್ಲ. "ಅಲ್ಲೇ ಕೂತ್ಕೊಂಡು ನೋಡೋ ಮರಿ" ಅನ್ನುತ್ತಿದ್ದರು. ಆ "ಅಲ್ಲೇ" ಎಂಬ ಮಾತನ್ನು ನಮ್ಮ ದೇಶದ ಚರಿತ್ರೆ ಎಂದು ಓದಿಕೊಳ್ಳಬಹುದು.

ಶನಿವಾರದ ಬೆಳಗ್ಗೆಗೂ ಜಾತಿ ಇದೆ, ವರ್ಗ ಇದೆ. ಒಂದೇ ಬೀದಿಯ ಎರಡು ಮಕ್ಕಳಲ್ಲಿ ಒಂದಕ್ಕೆ ಅದು ಸೋಫಾ, ಇನ್ನೊಂದಕ್ಕೆ ಕವಾಯತು. ಹಾಗಾಗಿ ಮಕ್ಕಳ ಟಿ.ವಿ.ಯ ಭವಿಷ್ಯ ಏನು ಅಂತ ಯಾರಾದರೂ ಕೇಳಿದರೆ ನಾನು ಮೊದಲು ತಿರುಗಿ ಕೇಳುವುದು ಇಷ್ಟು: ಯಾವ ಮಕ್ಕಳು? ಎಲ್ಲಿ ಕೂತವರು?

(2)

ಕನ್ನಡದಲ್ಲಿ ಮಕ್ಕಳ ಟಿ.ವಿ. ಎಲ್ಲಿ ಹುಟ್ಟಿತು ಅಂತ ಬೆಂಗಳೂರಿನ ವಿದ್ಯಾವಂತರನ್ನು ಕೇಳಿ ನೋಡಿ. ಬೆಂಗಳೂರಲ್ಲೇ ಅನ್ನುತ್ತಾರೆ. ಬೆಂಗಳೂರು ದೂರದರ್ಶನ ಶುರುವಾದದ್ದು 1981ರ ನವೆಂಬರ್ 1ರಂದು. ಅದಕ್ಕೂ ಆರು ವರ್ಷ ಮೊದಲೇ ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳ ಹಳ್ಳಿ ಮಕ್ಕಳು ಟಿ.ವಿ. ನೋಡಿಯಾಗಿತ್ತು. ರಾಜಾಜಿನಗರದ ದೊಡ್ಡ ದೊಡ್ಡ ಮನೆಗಳಲ್ಲಿ ಇನ್ನೂ ರೇಡಿಯೋ ಇದ್ದಾಗ, ಬಿಸಿಲು ನಾಡಿನ ಕೂಲಿಯವರ ಮಕ್ಕಳ ಮುಂದೆ ಆಕಾಶದಿಂದ ಚಿತ್ರ ಇಳಿದಿತ್ತು.

ಅದರ ಹೆಸರು ಸೈಟ್. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಒಂದು ವರ್ಷದ ಪ್ರಯೋಗ. ಆರು ರಾಜ್ಯಗಳ 2400 ಹಳ್ಳಿಗಳು. ಅಮೆರಿಕದ ಎ.ಟಿ.ಎಸ್-6 ಉಪಗ್ರಹವನ್ನು ಕಡ ತಂದು, ಕೋಳಿಗೂಡಿಗೆ ಹಾಕುವಂಥ ತಂತಿಬಲೆಯಿಂದ ಹತ್ತು ಅಡಿ ಅಗಲದ ತಟ್ಟೆ ಮಾಡಿ ಸೂರಿನ ಹತ್ತಿರ ನಿಲ್ಲಿಸಿದರು. ಬೆಳಗಿನ ಹೊತ್ತು ಶಾಲೆ ಮಕ್ಕಳಿಗೆ. ಹಿಂದಿ, ಕನ್ನಡ, ತೆಲುಗು, ಒರಿಯಾ ಭಾಷೆಗಳಿಗೆ ತಲಾ ಇಪ್ಪತ್ತೆರಡೂವರೆ ನಿಮಿಷ. ಐದರಿಂದ ಹನ್ನೆರಡು ವಯಸ್ಸಿನ ಮಕ್ಕಳಿಗೆ. ಟಿ.ವಿ. ಪೆಟ್ಟಿಗೆ ಯಾರ ಮನೆಯ ಹಾಲಿನಲ್ಲೂ ಇರಲಿಲ್ಲ. ಶಾಲೆಯಂಥ ಸಾರ್ವಜನಿಕ ಜಾಗದಲ್ಲಿತ್ತು. ಗೌಡರ ಮನೆಯ ಜಗಲಿ ಹತ್ತಲಾಗದ ಮಗುವೂ ಶಾಲೆಯ ಬಾಗಿಲು ದಾಟಬಹುದಾಗಿತ್ತು. ದಾಟಿದ ಮೇಲೆ ಎಲ್ಲಿ ಕೂರಿಸಿದರು ಎಂಬುದು ಬೇರೆ ಪ್ರಶ್ನೆ. ಆದರೆ ಪೆಟ್ಟಿಗೆ ಊರಿನದಾಗಿತ್ತು, ಒಬ್ಬರದ್ದಾಗಿರಲಿಲ್ಲ.

ನಾನು ಇದನ್ನು ಹೊಗಳುವುದಕ್ಕೆ ಹೇಳುತ್ತಿಲ್ಲ. ಆ ಪ್ರಯೋಗ ಶುರುವಾದದ್ದು ತುರ್ತುಪರಿಸ್ಥಿತಿ ಹೇರಿದ ಐದು ವಾರಕ್ಕೆ. ಜನರ ಬಾಯಿ ಕಟ್ಟಿದವರೇ ಜನರ ಕಣ್ಣಿಗೆ ಚಿತ್ರ ತೋರಿಸಿದರು. ಮಾತಾಡುವವರು ಮೇಲೆ, ಕೇಳುವವರು ಕೆಳಗೆ. ಉಪದೇಶ ಆಕಾಶದಿಂದ ಬಂತು, ಪ್ರಶ್ನೆ ಆಕಾಶಕ್ಕೆ ಹೋಗಲಿಲ್ಲ. ಒಂದು ವರ್ಷ ಆದ ಮೇಲೆ ಅಮೆರಿಕದವರು ತಮ್ಮ ಉಪಗ್ರಹವನ್ನು ವಾಪಸು ಸರಿಸಿಕೊಂಡರು. 1977ರಲ್ಲಿ ಗುಲ್ಬರ್ಗಾದಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರ ಬಂತು, ಅದೂ ಬೆಂಗಳೂರಿಗಿಂತ ಮೊದಲೇ.

ಇಷ್ಟೆಲ್ಲ ಹೇಳಿದ್ದು ಒಂದೇ ಮಾತಿಗೆ. ಕನ್ನಡದ ಮಕ್ಕಳ ಟಿ.ವಿ. ಬಡವರ ಮಕ್ಕಳಿಗಾಗಿ, ಸಾರ್ವಜನಿಕ ಆಸ್ತಿಯಾಗಿ ಹುಟ್ಟಿತು. ಅದು ಹುಟ್ಟಿದ ಜಾಗ ಶಾಲೆ. ಅಲ್ಲಿಂದ ಅದು ಸೋಫಾದ ಮುಂದಕ್ಕೆ ಹೋಗಿ ಕೂತದ್ದು ತಾನಾಗಿ ಆದದ್ದಲ್ಲ. ಅದನ್ನು ಎತ್ತಿಕೊಂಡು ಹೋದರು.

(3)

1982ರಲ್ಲಿ ಬಣ್ಣ ಬಂತು. ನಮ್ಮ ದೂರದರ್ಶನ ಮಕ್ಕಳಿಗೆ ಅಂತ ಎತ್ತಿಟ್ಟದ್ದು ಶನಿವಾರವನ್ನಲ್ಲ, ಭಾನುವಾರವನ್ನು. 1987ರ ಜನವರಿಯಿಂದ ಭಾನುವಾರ ಬೆಳಗ್ಗೆ ರಾಮಾಯಣ. ಆಮೇಲೆ ಮಹಾಭಾರತ. 1993ರಲ್ಲಿ ಕಾಡಿನ ಹುಡುಗ ಮೋಗ್ಲಿ ಬಂದ. ಅವನಾದರೂ ಮಕ್ಕಳಿಗೆ ಅಂತಲೇ ಬಂದ, ಆದರೆ ಹಿಂದಿಯಲ್ಲಿ ಬಂದ. 1995ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಭಾರತಕ್ಕೆ ಇಳಿಯಿತು. ಅಲ್ಲಿಗೆ ಮಕ್ಕಳ ಹೊತ್ತು ಎಂಬುದೇ ಮುಗಿಯಿತು. ಹಗಲೆಲ್ಲ ಮಕ್ಕಳ ಹೊತ್ತೇ, ದುಡ್ಡಿದ್ದವರಿಗೆ.

ಅದೇ 1995ರ ಫೆಬ್ರವರಿ 9ರಂದು ಸುಪ್ರೀಂ ಕೋರ್ಟು ಒಂದು ದೊಡ್ಡ ಮಾತು ಹೇಳಿತು. ಆಕಾಶದ ತರಂಗಗಳು ಸಾರ್ವಜನಿಕ ಆಸ್ತಿ ಎಂದಿತು. ಈ ಮಾತು ಓದಿದಾಗ ನನಗೆ ನೆನಪಾದದ್ದು ಮಹಾಡದ ಕೆರೆ. 1923ರಲ್ಲೇ ಮುಂಬೈ ಶಾಸನ ಪರಿಷತ್ತು ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಅಂತ ನಿರ್ಣಯ ಮಾಡಿತ್ತು. ಮಹಾಡದ ಪುರಸಭೆಯೂ ಒಪ್ಪಿತ್ತು. ಕಾಗದದಲ್ಲಿ ಕೆರೆ ತೆರೆದಿತ್ತು. ಆದರೆ ನಮ್ಮವರ ಬೊಗಸೆಗೆ ನೀರು ಬರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರನ್ನು ಕಟ್ಟಿಕೊಂಡು ಹೋಗಿ ಕೆರೆಗಿಳಿದು ನೀರು ಕುಡಿಯಬೇಕಾಯಿತು. ಆಮೇಲೆ ಮೇಲ್ಜಾತಿಯವರು ಆ ಕೆರೆಯನ್ನು ಶುದ್ಧ ಮಾಡಿಕೊಂಡರು.

ಆಕಾಶವೂ ಒಂದು ಕೆರೆಯೇ. ಕೋರ್ಟು ಅದನ್ನು ಎಲ್ಲರದು ಅಂದಿದೆ. ಆದರೆ ಮೆಟ್ಟಿಲ ಮೇಲೆ ಕೂತಿರುವವರು ಯಾರು?

ನಮ್ಮ ವಠಾರಕ್ಕೆ ಟಿ.ವಿ. ಬಂದದ್ದು ನನಗೆ ಒಂಬತ್ತು ವರ್ಷ ಆದಾಗ. ಅಪ್ಪ ಕೆಲಸ ಮಾಡುತ್ತಿದ್ದ ಕಡೆ ಯಾರೋ ಹಳೇ ಡಬ್ಬ ಟಿ.ವಿ. ಎಸೆಯುತ್ತಿದ್ದರು, ಮುನ್ನೂರು ರೂಪಾಯಿಗೆ ತಂದ. ಪಕ್ಕದ ಮನೆಯ ಕೇಬಲ್ ತಂತಿಗೆ ಒಂದು ಕವಲು ಕಟ್ಟಿಕೊಂಡೆವು. ಇದನ್ನು ಕಳ್ಳತನ ಅಂತಾರೆ. ಇರಬಹುದು. ಆ ನಾಲ್ಕು ವರ್ಷ ನಾನು ಟಿ.ವಿ.ಯನ್ನು ಪೂರ್ತಿ ನೋಡಿದೆ, ಬೆಕ್ಕನ್ನೂ ಇಲಿಯನ್ನೂ. 2013ರ ಮಾರ್ಚ್ 31ಕ್ಕೆ ಬೆಂಗಳೂರಿನಲ್ಲಿ ಹಳೆಯ ಕೇಬಲ್ಲು ನಿಲ್ಲಬೇಕು, ಪ್ರತಿ ಟಿ.ವಿ.ಗೂ ಸೆಟ್ ಟಾಪ್ ಬಾಕ್ಸ್ ಇರಬೇಕು ಎಂದು ಸರ್ಕಾರದ ಗಡುವು ಬಂತು. ನಮ್ಮ ಟಿ.ವಿ. ಕಪ್ಪಾಯಿತು. ಅವ್ವ ಅದರ ಮೇಲೆ ಒಂದು ಬಟ್ಟೆ ಹೊದಿಸಿ ಬಾಬಾಸಾಹೇಬರ ಫೋಟೋ ಇಟ್ಟಳು. 2019ರ ಫೆಬ್ರವರಿಯಿಂದ ಹೊಸ ದರದ ಪಟ್ಟಿ ಬಂತು. ನೂರು ಚಾನಲಿಗೆ ತಿಂಗಳಿಗೆ 130 ರೂಪಾಯಿ, ಮೇಲೆ ತೆರಿಗೆ. ದುಡ್ಡಿನ ಚಾನಲುಗಳಿಗೆ ಬೇರೆ ಬೆಲೆ. ನಿಮಗೆ ಬೇಕಾದ್ದನ್ನು ನೀವೇ ಆರಿಸಿಕೊಳ್ಳಿ, ಇದು ಸ್ವಾತಂತ್ರ್ಯ ಅಂದರು. ಕೂಲಿಯವರ ಮನೆಯಲ್ಲಿ ಈ ಸ್ವಾತಂತ್ರ್ಯ ಹೇಗೆ ನಡೆಯುತ್ತದೆ ಗೊತ್ತೇ? ಅಪ್ಪನಿಗೆ ಸುದ್ದಿ, ಅವ್ವನಿಗೆ ಧಾರಾವಾಹಿ. ಪಟ್ಟಿಯಿಂದ ಮೊದಲು ಬಿಟ್ಟುಹೋಗುವುದು ಮಕ್ಕಳ ಚಾನಲು. ದುಡ್ಡು ಕೊಡದ ದೂರದರ್ಶನದ ತಟ್ಟೆಯೂ ಇದೆ, ಸರಿ. ಅದನ್ನು ನಿಲ್ಲಿಸಲು ತಾರಸಿ ಬೇಕು. ವಠಾರದ ತಾರಸಿ ಓನರ್‌ದು.

(4)

ಇನ್ನು ಒಳಗೆ ಏನಿದೆ ಅಂತ ನೋಡೋಣ. ಬರೀ ಬಾಗಿಲ ಬಗ್ಗೆ ಮಾತಾಡಿ ಮನೆಯ ಬಗ್ಗೆ ಸುಮ್ಮನಿದ್ದರೆ ವಿಮರ್ಶೆಯಾಗುವುದಿಲ್ಲ.

2008ರಲ್ಲಿ ಹೈದರಾಬಾದಿನ ಒಂದು ಕಂಪನಿ ಛೋಟಾ ಭೀಮ್ ಮಾಡಿತು. ಪೋಗೋ ಚಾನಲಿನಲ್ಲಿ ಬಂತು. ಪರದೇಶದ ಬೆಕ್ಕು ಇಲಿ ಬಿಟ್ಟು ನಮ್ಮ ದೇಶದ ಮಕ್ಕಳದೇ ಕತೆ ಅಂತ ಎಲ್ಲರೂ ಖುಷಿಪಟ್ಟರು. ನಾನೂ ಪಟ್ಟೆ. ಸುಳ್ಳು ಯಾಕೆ ಹೇಳಲಿ, ಭೀಮ ಲಡ್ಡು ತಿಂದು ತೋಳು ಮಡಚಿದಾಗ ನಾನೂ ಮಡಚಿದ್ದೇನೆ. ಆದರೆ ಅಲ್ಲಿ ಒಬ್ಬ ಕೆಟ್ಟ ಹುಡುಗ ಇದ್ದ. ಬೇರೆ ಮಕ್ಕಳನ್ನು ಹೆದರಿಸುವವನು, ಯಾವಾಗಲೂ ಸೋಲುವವನು. ಅವನ ಹೆಸರು ಕಾಲಿಯಾ. ಕಾಲಿಯಾ ಅಂದರೆ ಕರಿಯ ಅಂತ ತಿಳಿಯುವಷ್ಟು ಹಿಂದಿ ನಮಗೆ ಆ ಕಾರ್ಟೂನುಗಳಿಂದಲೇ ಬಂದಿತ್ತು. ಆ ವರ್ಷದಿಂದ ನನ್ನ ಹೆಸರು ಬೀದಿಯಲ್ಲಿ ಕಾಲಿಯಾ. ಕಬಡ್ಡಿ ಆಡಿದರೂ ಕಾಲಿಯಾ, ಗೋಲಿ ಆಡಿದರೂ ಕಾಲಿಯಾ. ಗೆದ್ದರೂ ಕಾಲಿಯಾ. ಅದನ್ನು ಬರೆದವರು ನನ್ನನ್ನು ನೆನೆಸಿಕೊಂಡು ಬರೆದಿಲ್ಲ, ಗೊತ್ತು. ನೆನೆಸಿಕೊಳ್ಳದೇ ಇದ್ದದ್ದೇ ತಪ್ಪು. ಇಡೀ ದೇಶದ ಮಕ್ಕಳು ನೋಡುತ್ತಾರೆ ಅನ್ನುವಾಗ ಅವರ ಕಣ್ಣಿನ ಮುಂದೆ ಬಂದ ಮಕ್ಕಳ ಗುಂಪಿನಲ್ಲಿ ಕಪ್ಪು ಮಗು ಇರಲಿಲ್ಲ.

ಊಟ ನೋಡಿ. ಶಕ್ತಿ ಬರುವುದು ಲಡ್ಡುವಿನಿಂದ. ನಮ್ಮ ಕೇರಿಯ ಮಗುವಿಗೆ ಶಕ್ತಿ ಬರುವುದು ಮುದ್ದೆಯಿಂದ, ಬಾಡಿನ ಸಾರಿನಿಂದ. ಈ ತಟ್ಟೆ ಯಾವ ಕಾರ್ಟೂನಿನಲ್ಲಿ ಬಂದಿದೆ? ಮಕ್ಕಳು ಶಾಲೆಯ ಡಬ್ಬಿಯ ಮುಚ್ಚಳ ಅರ್ಧ ಮುಚ್ಚಿಕೊಂಡು ತಿನ್ನುವುದನ್ನು ಎಲ್ಲಿ ಕಲಿತರು?

ಮಾತು ಕೇಳಿ. ಟಿ.ವಿ.ಯ ಮಕ್ಕಳು ಆಡುವ ಕನ್ನಡ ಯಾವ ಊರಿನದು? ಮಾಗಡಿ ಕಡೆಯಿಂದ ಬಂದ ನಮ್ಮವ್ವ ಹಾಲಿಗೆ ಆಲು ಅಂತಾಳೆ, ಹೋಗು ಅನ್ನುವುದಕ್ಕೆ ಓಗು ಅಂತಾಳೆ. ನಾನೂ ಹಾಗೇ ಅನ್ನುತ್ತಿದ್ದೆ. ಕ್ಲಾಸಿಗೆ ಕ್ಲಾಸೇ ನಗುತ್ತಿತ್ತು. ಟಿ.ವಿ.ಯಲ್ಲಿ ಯಾರಾದರೂ ಓಗು ಅಂದರೆ ಅದು ನಗಿಸುವ ಪಾತ್ರ ಅಂತಲೇ ಅರ್ಥ. ತನ್ನ ತಾಯಿಯ ಬಾಯಿ ಹಾಸ್ಯದ ವಸ್ತು ಅಂತ ಮಗು ಕಲಿಯುವ ಪಾಠಶಾಲೆ ಅದು.

ಕನ್ನಡಕ್ಕೆ ಡಬ್ ಮಾಡಬಾರದು ಅನ್ನುವ ದೊಡ್ಡ ಜಗಳವೂ ಇಲ್ಲಿ ನೆನಪಾಗಬೇಕು. 2009ರಲ್ಲಿ ಸನ್ ಜಾಲದವರು ಚಿಂಟು ಟಿ.ವಿ. ತೆರೆದರು. ಪರದೇಶದ ಗೊಂಬೆಗಳು ಕನ್ನಡ ಮಾತಾಡಿದವು. ಒಳ್ಳೇದೇ, ನಮ್ಮ ಮಕ್ಕಳು ಹಿಂದಿ ಬಿಟ್ಟು ಕನ್ನಡ ಕೇಳಿದರು. ಆದರೆ 2012ರಲ್ಲಿ ಆಮಿರ್ ಖಾನರ ಸತ್ಯಮೇವ ಜಯತೇ ಹಲವು ಭಾಷೆಗಳಲ್ಲಿ ಬಂದಾಗ ಕನ್ನಡದಲ್ಲಿ ಬರಲು ಬಿಡಲಿಲ್ಲ. ಅದರ ಒಂದು ಕಂತು ಅಸ್ಪೃಶ್ಯತೆಯ ಬಗ್ಗೆ ಇತ್ತು. ಆ ಜುಲೈನಲ್ಲಿ ತಮಿಳಿನ ಮಗು, ತೆಲುಗಿನ ಮಗು ತನ್ನ ಭಾಷೆಯಲ್ಲಿ ಅದನ್ನು ಕೇಳಬಹುದಿತ್ತು. ಕನ್ನಡದ ಮಗುವಿಗೆ ಆಗಲಿಲ್ಲ. ಗೊಂಬೆ ಕನ್ನಡ ಮಾತಾಡಿದರೆ ಭಾಷೆ ಕೆಡಲಿಲ್ಲ, ಅಸ್ಪೃಶ್ಯತೆ ಕನ್ನಡ ಮಾತಾಡಿದರೆ ಭಾಷೆ ಕೆಡುತ್ತಿತ್ತು! 2015ರಲ್ಲಿ ಸ್ಪರ್ಧಾ ಆಯೋಗ ಈ ತಡೆ ಸರಿಯಲ್ಲ ಎಂದಿತು. ಈ ಜಗಳದಲ್ಲಿ ಇದ್ದದ್ದು ನಿರ್ಮಾಪಕರು, ಕಲಾವಿದರು, ಚಳವಳಿಗಾರರು. ಮಗುವನ್ನು ಯಾರೂ ಕೇಳಲಿಲ್ಲ.

ಇವತ್ತು ಕನ್ನಡ ಟಿ.ವಿ.ಯಲ್ಲಿ ಮಕ್ಕಳ ಕಾರ್ಯಕ್ರಮ ಅಂದರೆ ಮಕ್ಕಳು ನೋಡುವುದಲ್ಲ, ಮಕ್ಕಳನ್ನು ನೋಡುವುದು. 2016ರಲ್ಲಿ ಜ಼ೀ ಕನ್ನಡದ ಡ್ರಾಮಾ ಜೂನಿಯರ್ಸ್ ಬಂದ ಮೇಲೆ ಇದು ಒಂದು ಉದ್ಯಮವೇ ಆಯಿತು. ಆ ಮಕ್ಕಳ ಪ್ರತಿಭೆಯ ಬಗ್ಗೆ ನನ್ನ ತಕರಾರಿಲ್ಲ. ಹಳ್ಳಿಯ, ಬಡವರ ಮಕ್ಕಳೂ ಅಲ್ಲಿಗೆ ಹೋಗಿದ್ದಾರೆ. ಆದರೆ ಏಳು ವರ್ಷದ ಮಗು ಮೀಸೆ ಅಂಟಿಸಿಕೊಂಡು ದೊಡ್ಡವರ ಮಾತಾಡುತ್ತದೆ, ದೊಡ್ಡವರು ಕಣ್ಣೀರು ಒರೆಸಿಕೊಳ್ಳುತ್ತಾರೆ, ನಡುವೆ ಸೋಪಿನ ಜಾಹೀರಾತು. ಮಗುವಿನ ಆಟ ಎಲ್ಲಿ?

ಅದೇ 2016ರಲ್ಲಿ ಬಾಲಕಾರ್ಮಿಕ ಕಾಯ್ದೆಗೆ ತಿದ್ದುಪಡಿ ಬಂತು. ಹದಿನಾಲ್ಕರ ಒಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಹಚ್ಚಬಾರದು ಎಂದಿತು. ಎರಡು ವಿನಾಯಿತಿ ಕೊಟ್ಟಿತು. ಒಂದು, ಶಾಲೆಯ ಹೊತ್ತು ಮುಗಿದ ಮೇಲೆ, ರಜೆಯಲ್ಲಿ, ಮನೆತನದ ಕಸುಬಿಗೆ ಕೈಗೂಡಿಸುವ ಮಗು. ಇನ್ನೊಂದು, ಸಿನಿಮಾ, ಟಿ.ವಿ., ಜಾಹೀರಾತಿನಲ್ಲಿ ಕಲಾವಿದನಾಗುವ ಮಗು. ಒಂದೇ ಕಲಮು, ಎರಡು ಕಿಂಡಿ. ಮನೆತನದ ಕಸುಬು ಅಂದರೆ ನಮ್ಮಲ್ಲಿ ಏನೆಂದು ಬಿಡಿಸಿ ಹೇಳಬೇಕೆ? ಚಪ್ಪಲಿ ಹೊಲಿಯುವವನ ಮಗ ಚರ್ಮ ಹಿಡಿಯುವುದು, ಊದುಬತ್ತಿ ಹೊಸೆಯುವವಳ ಮಗಳು ಮಸಿ ಕೈಯಲ್ಲಿ ಮನೆಪಾಠ ಬರೆಯುವುದು. ಒಂದು ಕಿಂಡಿಯ ಮಗುವನ್ನು ಯಾರೂ ನೋಡುವುದಿಲ್ಲ. ಇನ್ನೊಂದು ಕಿಂಡಿಯ ಮಗುವನ್ನು ಎಲ್ಲರೂ ನೋಡುತ್ತಾರೆ. ಎರಡೂ ದುಡಿಯುತ್ತವೆ.

(5)

ಹಾಗಾದರೆ ಬಡವರ ಮಕ್ಕಳಿಗೆ ಅಂತಲೇ ಮಾಡಿದ ಒಳ್ಳೆಯ ಕಾರ್ಯಕ್ರಮ ಜಗತ್ತಿನಲ್ಲಿ ಇಲ್ಲವೇ? ಇದೆ. 1969ರ ನವೆಂಬರಿನಲ್ಲಿ ಅಮೆರಿಕದಲ್ಲಿ ಸೆಸಮಿ ಸ್ಟ್ರೀಟ್ ಶುರುವಾಯಿತು. ಬಡವರ, ಕರಿಯರ ಕೇರಿಗಳ ಮಕ್ಕಳು ಶಾಲೆಗೆ ಹೋಗುವ ಮೊದಲೇ ಹಿಂದೆ ಬೀಳಬಾರದು ಅಂತ ಮಾಡಿದ್ದು. ಅದರ ಬೀದಿಯೇ ಒಂದು ಸಾಮಾನ್ಯ ಬೀದಿ, ಮೆಟ್ಟಿಲು, ಕಸದ ಡಬ್ಬ. 1970ರಲ್ಲಿ ಮಿಸಿಸಿಪ್ಪಿ ರಾಜ್ಯದ ಶೈಕ್ಷಣಿಕ ಟಿ.ವಿ. ಮಂಡಳಿ ಅದನ್ನು ತಡೆಯಿತು. ಕಾರಣ, ಕರಿಯರೂ ಬಿಳಿಯರೂ ಅದರಲ್ಲಿ ಒಟ್ಟಿಗೆ ಇದ್ದರು. ಜನ ಛೀಮಾರಿ ಹಾಕಿದ ಮೇಲೆ ತಿಂಗಳೊಳಗೆ ತಡೆ ಎತ್ತಿದರು. ಮಕ್ಕಳ ಕಾರ್ಯಕ್ರಮಕ್ಕೆ ಯಾರು ಹೆದರುತ್ತಾರೆ, ಯಾಕೆ ಹೆದರುತ್ತಾರೆ ಅಂತ ತಿಳಿಯಲು ಈ ಒಂದು ಸಂಗತಿ ಸಾಕು.

ಆದರೆ ಅದೇ ಕಾರ್ಯಕ್ರಮದ ಮುಂದಿನ ಕತೆ ಕೇಳಿ. 2015ರಲ್ಲಿ ದುಡ್ಡಿಗೆ ತಾಪತ್ರಯವಾಗಿ ಎಚ್.ಬಿ.ಓ. ಎಂಬ ದುಡ್ಡಿನ ಚಾನಲಿನ ಜೊತೆ ಒಪ್ಪಂದ ಮಾಡಿಕೊಂಡರು. ಹೊಸ ಕಂತು ಮೊದಲು ದುಡ್ಡು ಕೊಟ್ಟವರಿಗೆ. ಒಂಬತ್ತು ತಿಂಗಳಾದ ಮೇಲೆ ಬಿಟ್ಟಿ ನೋಡುವವರಿಗೆ. ಅವ್ವ ರಾತ್ರಿ ತರುತ್ತಿದ್ದ ಡಬ್ಬಿ ನನಗೆ ನೆನಪಾಯಿತು. ಅವರು ಮಧ್ಯಾಹ್ನ ಉಂಡದ್ದು, ನಾವು ರಾತ್ರಿ ಉಂಡದ್ದು. ಬಡವರಿಗಾಗಿ ಬೇಯಿಸಿದ ಅನ್ನವೂ ಕಡೆಗೆ ತಂಗಳಾಗಿಯೇ ಬಡವರಿಗೆ ಬಂತು.

ನಮ್ಮಲ್ಲಿ 2020 ಬಂತು. ರೋಗ ಬಂತು, ಶಾಲೆ ಮುಚ್ಚಿತು. ಜುಲೈ 20ರಿಂದ ದೂರದರ್ಶನದ ಚಂದನ ವಾಹಿನಿಯಲ್ಲಿ ಎಂಟು, ಒಂಬತ್ತು, ಹತ್ತನೇ ತರಗತಿಗೆ ಸಂವೇದ ಎಂಬ ಪಾಠ ಬಂತು. ನಲವತ್ತೈದು ವರ್ಷದ ಮೇಲೆ ಮತ್ತೆ ಆಕಾಶದಿಂದ ಪಾಠ. ಆದರೆ ಈ ಸಲ ಪೆಟ್ಟಿಗೆ ಊರಿನದಲ್ಲ, ನಿಮ್ಮ ಮನೆಯದು. ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ನಮ್ಮ ವಠಾರದಲ್ಲಿ ಹತ್ತನೇ ತರಗತಿಯ ಮೂವರು ಹುಡುಗಿಯರಿದ್ದರು. ಒಂದು ಮನೆಯ ಟಿ.ವಿ.ಗೆ ಮೂವರೂ ಬಂದು ಕೂತರು. ಒಬ್ಬಳು ಪಾಠದ ನಡುವೆ ಎದ್ದು ಕೆಲಸಕ್ಕೆ ಹೋಗಬೇಕಿತ್ತು. ಎದ್ದು ಹೋದದ್ದು ಎದ್ದು ಹೋದದ್ದೇ.

ಈಗ ಟಿ.ವಿ.ಯ ಕಾಲವೂ ಮುಗಿಯಿತು, ಎಲ್ಲ ಫೋನು ಅಂತಾರೆ. ಫೋನಿನಲ್ಲಿ ಕನ್ನಡದ ಶಿಶುಗೀತೆಗಳೇನೋ ರಾಶಿ ಬಿದ್ದಿವೆ. ನಮ್ಮ ವಠಾರದ ಹತ್ತು ಮಕ್ಕಳನ್ನು ಕೂರಿಸಿಕೊಂಡು ಕೇಳಿದೆ: "ಕನ್ನಡದಲ್ಲಿ ನಿಮಗೆ ಅಂತಲೇ ಮಾಡಿರೋ ಒಂದು ಕಾರ್ಯಕ್ರಮ ಹೇಳ್ರೋ." ಒಬ್ಬ ಹಿಂದಿಯದು ಹೇಳಿದ. ಒಬ್ಬಳು ಇಂಗ್ಲಿಷಿನ ಹಾಡು ಹೇಳಿದಳು. ಉಳಿದವರು ಇನ್ಯಾರದೋ ಮನೆಯ ಮಗು ಆಟದ ಸಾಮಾನಿನ ಪೆಟ್ಟಿಗೆ ಬಿಚ್ಚುವ ವಿಡಿಯೋ ಅಂದರು. ತಮಗೆ ಎಂದೂ ಬಾರದ ಆಟಿಕೆಯನ್ನು ಇನ್ನೊಂದು ಮಗು ಬಿಚ್ಚುವುದನ್ನು ಗಂಟೆಗಟ್ಟಲೆ ನೋಡುತ್ತಾರೆ. ಹೊಸ್ತಿಲು ಹೋಗಿಲ್ಲ ಗೆಳೆಯರೆ, ಚಿಕ್ಕದಾಗಿ ಅಂಗೈಗೆ ಬಂದಿದೆ. ಅದೂ ಬಿಟ್ಟಿಯಲ್ಲ. ಮಕ್ಕಳ ಮಾಹಿತಿಯನ್ನು ಅಪ್ಪ ಅಮ್ಮನ ಒಪ್ಪಿಗೆಯಿಲ್ಲದೆ ಕೂಡಿಹಾಕಿದ್ದಕ್ಕೆ 2019ರಲ್ಲಿ ಅಮೆರಿಕದಲ್ಲಿ ಗೂಗಲ್ ಮತ್ತು ಯೂಟ್ಯೂಬ್ 17 ಕೋಟಿ ಡಾಲರ್ ಕಟ್ಟಲು ಒಪ್ಪಬೇಕಾಯಿತು. ಮಗು ನೋಡುತ್ತಿದೆ ಅಂತ ನಾವು ತಿಳಿದಿದ್ದೇವೆ. ಮಗುವನ್ನು ನೋಡಲಾಗುತ್ತಿದೆ.

(6)

ಏನು ಮಾಡಬೇಕು?

ಶನಿವಾರದ ಬೆಳಗ್ಗೆಯನ್ನು ವಾಪಸು ತನ್ನಿ ಅಂತ ನಾನು ಕೇಳುವುದಿಲ್ಲ. ಅದು ಸೋಫಾದವರ ಬೆಳಗ್ಗೆ. ನಾನು ಕೇಳುವುದು ಶನಿವಾರದ ಮಧ್ಯಾಹ್ನ. ಸರ್ಕಾರಿ ಶಾಲೆ ಬಿಟ್ಟು, ಮಗು ಮನೆಗೆ ಬಂದು, ಕೈಕಾಲು ತೊಳೆದು ಉಂಡ ಮೇಲೆ. ಒಂದು ಗಂಟೆ. ಕನ್ನಡದಲ್ಲಿ. ಜಾಹೀರಾತಿಲ್ಲದೆ.

ಇದು ಭಿಕ್ಷೆಯಲ್ಲ. ಕಾಯ್ದೆ ಇದೆ. 1990ರ ಪ್ರಸಾರ ಭಾರತಿ ಕಾಯ್ದೆಯ ಹನ್ನೆರಡನೇ ಕಲಮು ಆ ಸಂಸ್ಥೆಯ ಕರ್ತವ್ಯಗಳನ್ನು ಹೇಳುತ್ತದೆ. ಮಕ್ಕಳ ಹಿತ ಕಾಯಲು ವಿಶೇಷ ಕ್ರಮ ಕೈಗೊಳ್ಳುವುದು ಅಲ್ಲಿದೆ. ಸಾಮಾಜಿಕ ನ್ಯಾಯ ಬೆಳೆಸುವುದು, ಶೋಷಣೆ, ಅಸಮಾನತೆ, ಅಸ್ಪೃಶ್ಯತೆಯಂಥ ಪಿಡುಗುಗಳ ವಿರುದ್ಧ ಹೋರಾಡುವುದೂ ಅಲ್ಲಿದೆ. ಈ ಎರಡು ಕರ್ತವ್ಯಗಳನ್ನು ಒಂದೇ ಕಾರ್ಯಕ್ರಮದಲ್ಲಿ ಸೇರಿಸಿ ನೋಡಿದರೆ ನಾನು ಕೇಳುವ ಮಕ್ಕಳ ಟಿ.ವಿ. ಸಿಗುತ್ತದೆ. ಖಾಸಗಿಯವರಿಗೂ ಬಿಡುಗಡೆಯಿಲ್ಲ. 2022ರ ನವೆಂಬರಿನ ಮಾರ್ಗಸೂಚಿ ಪ್ರಕಾರ ಚಾನಲುಗಳು ದಿನಕ್ಕೆ ಮೂವತ್ತು ನಿಮಿಷ ಸಾರ್ವಜನಿಕ ಹಿತದ ವಿಷಯ ಪ್ರಸಾರ ಮಾಡಬೇಕು. ಎಂಟು ವಿಷಯಗಳ ಪಟ್ಟಿ ಇದೆ. ಶಿಕ್ಷಣ ಇದೆ, ದುರ್ಬಲ ವರ್ಗಗಳ ಕಲ್ಯಾಣ ಇದೆ. ಮಕ್ಕಳು ಅಂತ ಬೇರೆ ಹೆಸರಿಲ್ಲ. ಸೇರಿಸಿ ಅಂತ ಕೇಳಬೇಕು. ವಾರದ ಆ ಮೂರೂವರೆ ಗಂಟೆಯಲ್ಲಿ ಅರ್ಧ ಗಂಟೆ ಮಕ್ಕಳದು ಅಂತ ಹಿಡಿದು ಕೂರಬೇಕು.

ಪೆಟ್ಟಿಗೆ ಮತ್ತೆ ಊರಿನದಾಗಬೇಕು. ಅಂಗನವಾಡಿಯಲ್ಲಿ, ಗ್ರಂಥಾಲಯದಲ್ಲಿ, ಅಂಬೇಡ್ಕರ್ ಭವನದಲ್ಲಿ ಒಂದು ದೊಡ್ಡ ಪರದೆ, ಮುಂದೆ ಒಂದು ಜಮಖಾನ. ಸೋಫಾ ಬೇಡ. ಜಮಖಾನಕ್ಕೆ ಹೊಸ್ತಿಲಿರುವುದಿಲ್ಲ.

ಕತೆ ಎಲ್ಲಿಂದ ತರುತ್ತೀರಿ ಅಂತ ಕೇಳಬೇಡಿ. ನೀಲಗಾರರನ್ನು ಕೇಳಿ. ಮಂಟೇಸ್ವಾಮಿಯ ಹಿಂದೆ ಹೊರಟ ಕೆಂಪಾಚಾರಿ ಎಂಬ ಹುಡುಗ ಸಿದ್ದಪ್ಪಾಜಿಯಾಗಿ, ಹಲಗೂರಿನ ಪಾಂಚಾಳರ ಹತ್ತಿರ ಕಬ್ಬಿಣದ ಭಿಕ್ಷೆಗೆ ಹೋಗಿ ಅವರು ಒಡ್ಡಿದ ಪರೀಕ್ಷೆಗಳನ್ನೆಲ್ಲ ಗೆದ್ದ ಕತೆಗಿಂತ ದೊಡ್ಡ ಕಾರ್ಟೂನು ಯಾವುದಿದೆ? ಅವನಿಗೆ ಲಡ್ಡು ಬೇಡ. ಚಿಕ್ಕಲ್ಲೂರಿನ ಜಾತ್ರೆಯ ಪಂಕ್ತಿಸೇವೆಯ ಸಾಲಿನಲ್ಲಿ ಎಲ್ಲರ ಜೊತೆ ಕೂತು ಉಣ್ಣುವವನು ಅವನು. ಈ ಕಾಲದ ಕತೆಯೂ ಇದೆ. ಕುಂ. ವೀರಭದ್ರಪ್ಪನವರ ಕತೆಯನ್ನು ನಾಗತಿಹಳ್ಳಿ ಚಂದ್ರಶೇಖರ್ 1994ರಲ್ಲಿ ಕೊಟ್ರೇಶಿ ಕನಸು ಅಂತ ಸಿನಿಮಾ ಮಾಡಿದರು. ಏಳನೇ ತರಗತಿ ಪಾಸಾದ ದಲಿತ ಹುಡುಗನ ಕತೆ. ಮಗುವೊಂದು ಪಾಸಾದರೆ ಇಡೀ ಊರು ಅಲ್ಲಾಡುತ್ತದೆ ಎಂಬುದನ್ನು ಅದು ತೋರಿಸಿತು. ಆಗುತ್ತದೆ ಅಂತ ಗೊತ್ತಿದೆ. ಮಾಡುವವರು ಬೇಕು.

ಇಲ್ಲಿಗೆ ಬಂದಾಗ ನಮ್ಮ ಕಡೆಗೂ ಒಂದು ಬೆರಳು ತಿರುಗಬೇಕು. ನಾವು ದೊಡ್ಡವರಿಗೆ ಬರೆದೆವು. ಹೋರಾಟದ ಹಾಡು ಬರೆದೆವು, ಬೀದಿ ನಾಟಕ ಆಡಿದೆವು. ನಮ್ಮ ಕವಿತೆಗಳನ್ನು ತೆಗೆದು ನೋಡಿ. ಅಲ್ಲಿ ಮಗು ಹಸಿದಿದೆ, ಅಳುತ್ತಿದೆ, ಸತ್ತಿದೆ. ನನ್ನ ಪದ್ಯಗಳಲ್ಲೂ ಹಾಗೇ. ಆ ಮಗು ಎಲ್ಲಿಯೂ ಆಡುವುದಿಲ್ಲ, ಎಲ್ಲಿಯೂ ನಗುವುದಿಲ್ಲ. ನಮ್ಮ ಸಿಟ್ಟಿಗೆ ಸಾಕ್ಷಿಯಾಗಿ ನಾವು ಮಗುವನ್ನು ಕರೆತಂದೆವು, ಅದಕ್ಕೆ ಅಂತ ಏನನ್ನೂ ತರಲಿಲ್ಲ. ಅವರು ಮಗುವಿಗೆ ಮೀಸೆ ಅಂಟಿಸಿದರು. ನಾವು ಕಣ್ಣೀರು ಅಂಟಿಸಿದೆವು. ಕೇರಿಯ ಮಗು ಹಸಿವಿನ ನಡುವೆಯೂ ಟೈರು ಓಡಿಸುತ್ತದೆ, ಸುಳ್ಳು ಹೇಳುತ್ತದೆ, ಬಿದ್ದು ಬಿದ್ದು ನಗುತ್ತದೆ. ಆ ನಗುವನ್ನು ಬರೆಯುವ ತನಕ ಟಿ.ವಿ.ಯವರನ್ನು ಬೈಯುವುದಕ್ಕೆ ನಮಗೆ ಅರ್ಧ ಹಕ್ಕು ಮಾತ್ರ.

ಕಳೆದ ಶನಿವಾರ ವಠಾರದ ಮೆಟ್ಟಿಲ ಮೇಲೆ ಆರು ಮಕ್ಕಳು ಒಂದು ಫೋನಿನ ಸುತ್ತ ಕೂತಿದ್ದರು. ಗಾಜು ಒಡೆದ ಫೋನು. ನಡುವೆ ಫೋನಿನ ಒಡೆಯನ ಮಗ, ಆಮೇಲೆ ಅವನ ಗೆಳೆಯರು, ಕಡೆಗೆ ಊದುಬತ್ತಿ ಹೊಸೆಯುವವರ ಚಿಕ್ಕ ಹುಡುಗಿ. ಎಲ್ಲರೂ ನಕ್ಕರು. ಅವಳು ಒಂದು ಕ್ಷಣ ತಡೆದು ನಕ್ಕಳು. ಆ ತಡ ನನಗೆ ಗೊತ್ತು.

"ಕಾಣ್ತೈತೇನವ್ವ?" ಅಂದೆ.

"ಅರ್ಧ ಕಾಣ್ತೈತಣ್ಣ" ಅಂದಳು.